ಗೇರ್ ನಾಬ್, ಗೇರ್ ಬೂಟ್ ಮತ್ತು ಮಳೆಗಾಲದ ತೇವ

ಕೈಯಿಂದ ಗೇರ್ ಹಾಕುವ ಕಾರಿನಲ್ಲಿ ಚಾಲಕರ ಎಡಗೈಗೆ ಸಿಗುವ ಗುಂಡನೆಯ ಹಿಡಿಯೇ ಗೇರ್ ನಾಬ್. ಅದರ ಕೊರಳಿನಿಂದ ಶುರುವಾಗಿ ಲಿವರನ್ನು ಸುತ್ತಿಕೊಂಡು ಕೆಳಗಿನ ಪ್ಲಾಸ್ಟಿಕ್ ಕಟ್ಟಿನವರೆಗೆ ಇಳಿಯುವ ನೆರಿಗೆಯ ಹೊದಿಕೆ ಗೇರ್ ಬೂಟ್. ಗ್ಯಾರೇಜುಗಳಲ್ಲಿ ಗೇರ್ ಕವರ್ ಎಂದರೂ ನಡೆಯುತ್ತದೆ. ಎರಡೂ ಸವೆಯುವ ಭಾಗಗಳು, ಎರಡನ್ನೂ ಮನೆಯಂಗಳದಲ್ಲೇ ಬದಲಿಸಬಹುದು. ಆದರೆ ಅಂಗಡಿಗೆ ಹೋದವರ ಕಣ್ಣು ಮೊದಲು ನಾಬಿನ ಮೇಲೆ ಬೀಳುತ್ತದೆ. ವರ್ಷದ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ಹೆಚ್ಚು ಯೋಚಿಸಿ ಕೊಳ್ಳಬೇಕಾದದ್ದು ಬೂಟನ್ನು.

ಕೇರಳದ ಮಂಜೇಶ್ವರ ತಾಲ್ಲೂಕಿನ ಮೀಂಜ ಅಂಥ ಊರು. ಹೊಸಂಗಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಒಳನಾಡಿಗೆ ತಿರುಗಿದರೆ ದಾರಿಯುದ್ದಕ್ಕೂ ಮುರಕಲ್ಲಿನ ಗುಡ್ಡೆ, ಅಡಿಕೆ ತೋಟದ ತಗ್ಗು, ಮತ್ತೆ ಏರು. ಮೀಯಪದವಿನ ಕಡೆಗೆ ಹೋಗುವ ಕಾರು ಹೆದ್ದಾರಿಯಲ್ಲಿ ಓಡುವ ಕಾರಿಗಿಂತ ಎಷ್ಟೋ ಹೆಚ್ಚು ಸಲ ಎರಡನೆಯ, ಮೂರನೆಯ ಗೇರುಗಳ ನಡುವೆ ಓಡಾಡುತ್ತದೆ. ಪ್ರತಿ ಸಲವೂ ಬೂಟಿನ ಅದೇ ನೆರಿಗೆ ಮಡಚಿ ಬಿಚ್ಚಿಕೊಳ್ಳುತ್ತದೆ, ನಾಬಿನ ಮೇಲೆ ಅದೇ ಅಂಗೈ ಉಜ್ಜುತ್ತದೆ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಮುಚ್ಚಿಟ್ಟ ಕಾರಿನೊಳಗೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಏಪ್ರಿಲಿನ ಬಿಸಿಲಿನಲ್ಲಿ ಅದೇ ಕಾರು ನಿಂತಲ್ಲೇ ಕುಲುಮೆಯಾಗುತ್ತದೆ. ಒಂದೇ ಹೊದಿಕೆ ಎರಡನ್ನೂ ತಾಳಿಕೊಳ್ಳಬೇಕು.

ಕಣ್ಣಿಗೆ ಕಾಣುವ ಬೂಟಿನ ಅಡಿಯಲ್ಲಿ ಏನಿದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಗೇರ್ ಬಾಕ್ಸ್ ಮುಂದೆ ಎಂಜಿನ್ನಿನ ಪಕ್ಕದಲ್ಲಿರುತ್ತದೆ. ಲಿವರಿನ ಚಲನೆ ಎರಡು ಕೇಬಲ್ಲುಗಳ ಮೂಲಕ ಅಲ್ಲಿಗೆ ತಲುಪುತ್ತದೆ: ಒಂದು ಅಡ್ಡ ಚಲನೆಗೆ, ಇನ್ನೊಂದು ಹಿಂದುಮುಂದಿನ ಚಲನೆಗೆ. ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಕೇಬಲ್ಲಿನ ಬದಲು ಸರಳುಗಳು. ಜೀಪಿನಲ್ಲಿ ಇವೆರಡೂ ಇಲ್ಲ; ಲಿವರ್ ನೇರವಾಗಿ ಗೇರ್ ಬಾಕ್ಸಿನ ತಲೆಯೊಳಗೆ ಇಳಿಯುತ್ತದೆ. ನಾಲ್ಕು ಚಕ್ರಕ್ಕೂ ಬಲ ಕೊಡುವ ಜೀಪಾದರೆ ಪಕ್ಕದಲ್ಲಿ ಇನ್ನೊಂದು ಲಿವರ್, ಅದಕ್ಕೂ ಒಂದು ಬೂಟ್.

ಲಿವರ್ ನೆಲವನ್ನು ತೂರಿ ಹೋಗುವ ಕಡೆ ತೂತು ಇದ್ದೇ ಇರುತ್ತದೆ. ಅದನ್ನು ಮುಚ್ಚುವುದು ಒಳಗಿನ ದಪ್ಪ ರಬ್ಬರ್ ಬೂಟ್. ರಸ್ತೆಯ ನೀರು, ಕೆಂಪು ಧೂಳು, ಎಂಜಿನ್ನಿನ ಶಾಖ, ಗೇರ್ ಬಾಕ್ಸಿನ ಮೊರೆತ ಇವೆಲ್ಲವನ್ನೂ ತಡೆಯುವುದು ಅದೇ. ಮೇಲಿನ ಚರ್ಮದ ಅಥವಾ ರೆಕ್ಸಿನ್ನಿನ ಹೊದಿಕೆ ಬಹುಮಟ್ಟಿಗೆ ಅಂದಕ್ಕೆ. ಧೂಳು ಮತ್ತು ಬಿದ್ದ ಚಿಲ್ಲರೆ ಕೆಳಗಿಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಜೀಪಿನ ಕೆಲವು ಮಾದರಿಗಳಲ್ಲಿ ಮೇಲಿನ ಹೊದಿಕೆ ಇರುವುದೇ ಇಲ್ಲ, ರಬ್ಬರೇ ಎಲ್ಲ. ಕಾರಿನೊಳಗೆ ಗೇರಿನ ಬಳಿ ಬಿಸಿ ಗಾಳಿ ಬರುತ್ತಿದ್ದರೆ, ಮಳೆಯಲ್ಲಿ ಓಡಿಸಿದ ಮೇಲೆ ಅಲ್ಲಿನ ಕಾರ್ಪೆಟ್ ಒದ್ದೆಯಾಗಿದ್ದರೆ, ಮೇಲಿನ ರೆಕ್ಸಿನ್ ಬದಲಿಸಿ ಏನೂ ಪ್ರಯೋಜನವಿಲ್ಲ. ಹರಿದಿರುವುದು ಒಳಗಿನದು.

ಆ ಒಳಗಿನ ರಬ್ಬರು ಹರಿಯುವ ಬಗೆ ಗಮನಿಸುವಂಥದ್ದು. ಸಹಜ ರಬ್ಬರಿನ ಉದ್ದನೆಯ ಅಣುಸರಪಳಿಯಲ್ಲಿ ಇಂಗಾಲದ ಜೋಡಿಬಂಧಗಳು ಸಾಲಾಗಿ ಇರುತ್ತವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಆ ಜೋಡಿಬಂಧಗಳನ್ನು ಕತ್ತರಿಸುತ್ತದೆ. ಸಡಿಲವಾಗಿ ಬಿದ್ದ ರಬ್ಬರಿಗೆ ಇದರಿಂದ ದೊಡ್ಡ ಹಾನಿ ಕಾಣುವುದಿಲ್ಲ. ಎಳೆತದಲ್ಲಿರುವ ರಬ್ಬರಿನಲ್ಲಿ ಮಾತ್ರ ಕತ್ತರಿಸಿದ ಜಾಗ ಬಾಯಿಬಿಟ್ಟು, ಎಳೆತಕ್ಕೆ ಅಡ್ಡವಾಗಿ ಬಿರುಕು ಬೆಳೆಯುತ್ತದೆ. ನೆರಿಗೆಯ ಹೊರಮೈ ಯಾವಾಗಲೂ ಎಳೆತದಲ್ಲಿರುವುದರಿಂದ ಬೂಟ್ ಮೊದಲು ಬಿರಿಯುವುದು ಮಡಿಕೆಯ ಗೆರೆಯಲ್ಲೇ. ಇಪಿಡಿಎಂ ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಜೋಡಿಬಂಧಗಳಿಲ್ಲ. ಓಝೋನಿಗೂ ಬಿಸಿಲಿಗೂ ಅದು ಜಗ್ಗುವುದಿಲ್ಲ. ಆದರೆ ಗೇರ್ ಎಣ್ಣೆ ತಾಗುವ ಕಡೆ ಇಪಿಡಿಎಂ ಊದಿಕೊಳ್ಳುತ್ತದೆ, ಅಲ್ಲಿಗೆ ನೈಟ್ರೈಲ್ ರಬ್ಬರು ಬೇಕು. ಬಿರುಕುಬಿಟ್ಟ ರಬ್ಬರಿಗೆ ಗ್ರೀಸ್ ಇಲ್ಲವೇ ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಒಂದೆರಡು ದಿನ ಅದು ಮೆತ್ತಗಾಗಿ ಹೊಳೆದರೂ ಎಣ್ಣೆ ಹೀರಿದ ಸಹಜ ರಬ್ಬರು ಊದಿ ಬಲ ಕಳೆದುಕೊಳ್ಳುತ್ತದೆ. ಕಾಪಾಡಿಕೊಳ್ಳಬೇಕೆಂದರೆ ಸಿಲಿಕೋನ್ ಸ್ಪ್ರೇ ಒಳ್ಳೆಯದು.

ಮೇಲಿನ ಹೊದಿಕೆಗೆ ಮೂರು ಬಗೆಯ ಬಟ್ಟೆ ಸಿಗುತ್ತದೆ. ಪಿವಿಸಿ ರೆಕ್ಸಿನ್ ಅಗ್ಗ, ನೀರಿಗೆ ಅಂಜುವುದಿಲ್ಲ. ಅದರ ಮೆದುತನವೆಲ್ಲ ಒಳಗೆ ಬೆರೆಸಿದ ಪ್ಲಾಸ್ಟಿಸೈಜರಿನದು; ಬಿಸಿಲಿನಲ್ಲಿ ಅದು ನಿಧಾನವಾಗಿ ಆವಿಯಾಗುತ್ತ ಹೋಗಿ ಕೆಲವು ಬೇಸಗೆಗಳ ನಂತರ ರೆಕ್ಸಿನ್ ಗಡುಸಾಗಿ ಮಡಿಕೆಯಲ್ಲಿ ಸೀಳುತ್ತದೆ. ನಿಜವಾದ ಚರ್ಮ ಬಾಳಿಕೆಯದು, ಆದರೆ ಗಾಳಿಯ ತೇವ ಶೇಕಡಾ 80 ದಾಟಿದ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಒಣಬಟ್ಟೆಯಲ್ಲಿ ಒರೆಸುತ್ತಿರಬೇಕು. ಮೂರನೆಯದು ಪಾಲಿಯುರೆಥೇನ್ ಲೇಪದ ಕೃತಕ ಚರ್ಮ. ಹೊಸದರಲ್ಲಿ ಇಷ್ಟು ಚೆಂದದ್ದು ಬೇರೆ ಇಲ್ಲ, ಆದರೆ ಕರಾವಳಿಗೆ ಇದರಷ್ಟು ಹೊಂದದ್ದೂ ಬೇರೆ ಇಲ್ಲ. ಅಗ್ಗದ ಬಗೆಯ ಪಾಲಿಯುರೆಥೇನಿನಲ್ಲಿರುವ ಎಸ್ಟರ್ ಬಂಧಗಳನ್ನು ಗಾಳಿಯ ನೀರಾವಿಯೇ ಒಡೆಯುತ್ತದೆ. ಒಡೆದಾಗ ಹುಟ್ಟುವ ಆಮ್ಲ ಇನ್ನಷ್ಟು ಬಂಧಗಳನ್ನು ಒಡೆಯಲು ನೆರವಾಗುವುದರಿಂದ ಒಮ್ಮೆ ಶುರುವಾದ ಕ್ಷಯ ಬರಬರುತ್ತ ವೇಗ ಪಡೆಯುತ್ತದೆ. ಲೇಪ ಮೊದಲು ಅಂಟಂಟಾಗಿ, ಆಮೇಲೆ ಹೊಪ್ಪಳೆಯಾಗಿ ಉದುರುತ್ತದೆ. ಕೆಲವು ನಾಬುಗಳ ಮೇಲಿನ ಮೆತ್ತನೆಯ ರಬ್ಬರಿನಂಥ ಲೇಪ ಬೆರಳಿಗೆ ಅಂಟಿಕೊಳ್ಳುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಅದನ್ನು ಎಷ್ಟು ತೊಳೆದರೂ ಸರಿಹೋಗದು, ಬದಲಿಸಲೇಬೇಕು.

ಸಿದ್ಧ ಬೂಟ್ ಸಿಗದ ಹಳೆಯ ಗಾಡಿಗೆ ಕುಶನ್ ವರ್ಕ್ಸಿನವರು ಹೊಲಿದು ಕೊಡುತ್ತಾರೆ. ಹಳೆಯದರ ಹೊಲಿಗೆ ಬಿಚ್ಚಿ, ನಾಲ್ಕು ತುಂಡುಗಳನ್ನೂ ಹಾಳೆಯ ಮೇಲೆ ಗುರುತು ಮಾಡಿಕೊಂಡರೆ ಅಳತೆ ಸಿಕ್ಕಂತೆಯೇ. ನೂಲು ಪಾಲಿಯೆಸ್ಟರ್ ಅಥವಾ ನೈಲಾನ್ ಆಗಿರಲಿ. ಹತ್ತಿಯ ನೂಲು ತೇವಕ್ಕೆ ಕೊಳೆಯುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಸಡಿಲಿನ ವಿಷಯದಲ್ಲಿ. ಬೂಟಿನ ಕೊರಳು ಕೆಳಗಿನ ಕಟ್ಟಿನಿಂದ 20 ಸೆಂಟಿಮೀಟರ್ ಎತ್ತರದಲ್ಲಿದೆ, ಲಿವರಿನಿಂದ ಕಟ್ಟಿನ ಅಂಚು 6 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಂಡರೆ, ನ್ಯೂಟ್ರಲಿನಲ್ಲಿ ಅಂಚಿನಿಂದ ಕೊರಳಿಗೆ ಬೇಕಾದ ಬಟ್ಟೆ ಸುಮಾರು 21 ಸೆಂಟಿಮೀಟರ್. ಲಿವರ್ ಆ ಅಂಚಿನಿಂದ 7 ಸೆಂಟಿಮೀಟರ್ ಆಚೆಗೆ ವಾಲಿದಾಗ ಅದು ಸುಮಾರು 24 ಆಗುತ್ತದೆ. ಈ ಮೂರು ಸೆಂಟಿಮೀಟರನ್ನು ಬಿಡದೆ ಬಿಗಿಯಾಗಿ ಹೊಲಿದ ಬೂಟ್ ನೋಟಕ್ಕೆ ಅಚ್ಚುಕಟ್ಟು. ಆದರೆ ಅದು ಲಿವರನ್ನು ಸದಾ ನ್ಯೂಟ್ರಲಿನ ಕಡೆಗೆ ಎಳೆಯುತ್ತಿರುತ್ತದೆ. ಸವೆದ ಗೇರ್ ಬಾಕ್ಸಾದರೆ ಓಡುತ್ತಿರುವಾಗಲೇ ಗೇರ್ ಕಳಚಿಕೊಳ್ಳಬಹುದು.

ನಾಬಿನ ಸಂಗತಿ ಇನ್ನೊಂದು ಬಗೆಯದು. ಲಿವರ್ ಒಂದು ಸನ್ನೆ. ಆನಿಕೆಯಿಂದ ಮೇಲಕ್ಕೆ 30, ಕೆಳಕ್ಕೆ 6 ಸೆಂಟಿಮೀಟರ್ ಇದ್ದರೆ ಕೈ ಒತ್ತಿದ ಬಲ ಐದು ಪಟ್ಟಾಗಿ ಕೆಳತುದಿಯನ್ನು ತಳ್ಳುತ್ತದೆ; ಕೈ 10 ಸೆಂಟಿಮೀಟರ್ ಸರಿದರೆ ಕೆಳತುದಿ ಸರಿಯುವುದು 2 ಮಾತ್ರ. ಮೂರು ಸೆಂಟಿಮೀಟರ್ ಗಿಡ್ಡದಾದ ನಾಬ್ ಹಾಕಿದರೆ ಕೈಯ ಓಡಾಟ ಹತ್ತನೆಯ ಒಂದು ಪಾಲು ಕಡಿಮೆಯಾಗಿ, ಬೇಕಾದ ಬಲ ಒಂಬತ್ತನೆಯ ಒಂದು ಪಾಲು ಹೆಚ್ಚುತ್ತದೆ. ಭಾರದ ಲೋಹದ ನಾಬಿನಿಂದ ಗೇರ್ ನಯವಾಗಿ ಬೀಳುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಗೇರ್ ಹೊಂದುವ ಮೊದಲು ಸಿಂಕ್ರೊನೈಸರಿನ ಹಿತ್ತಾಳೆಯ ಬಳೆ ಉಜ್ಜಿ ಎರಡು ಭಾಗಗಳ ವೇಗವನ್ನು ಸಮ ಮಾಡುತ್ತದೆ. ಆ ಗಳಿಗೆಯ ತಡೆಯನ್ನು ಭಾರದ ನಾಬಿನ ಜಡತ್ವ ದಾಟಿಸಿಬಿಡುವುದರಿಂದ ಕೈಗೆ ತೊಡರು ತಿಳಿಯುವುದಿಲ್ಲ. ಆದರೆ ಹೊಂಡದ ರಸ್ತೆಯಲ್ಲಿ ಅದೇ ಭಾರ ಲಿವರನ್ನು ಅಲುಗಿಸುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನ ಲೋಹದ ನಾಬ್ ಕೈ ಸುಡುತ್ತದೆ. ಅಷ್ಟೇ ಕಾದ ಮರದ ನಾಬ್ ಸುಡುವುದಿಲ್ಲ, ಏಕೆಂದರೆ ಮರದಿಂದ ಶಾಖ ಅಂಗೈಗೆ ನಿಧಾನವಾಗಿ ಹರಿಯುತ್ತದೆ.

ಕೊಳ್ಳುವ ಮೊದಲು ತಿಳಿಯಬೇಕಾದದ್ದು ನಾಬ್ ತಿರುಗಿ ಕೂರುವ ಮರೆಯ, ಅಂದರೆ ಥ್ರೆಡ್ಡಿನ, ಅಳತೆ. ಹೋಂಡಾದ ಬಹಳಷ್ಟು ಕಾರುಗಳಲ್ಲಿ ಲಿವರಿನ ಮರೆ 10 ಮಿಲಿಮೀಟರ್ ದಪ್ಪ, ಸುತ್ತಿನ ಅಂತರ 1.5 ಮಿಲಿಮೀಟರ್; ಟೊಯೊಟಾದಲ್ಲಿ 12 ಮತ್ತು 1.25. ದಪ್ಪ ಒಂದೇ ಆಗಿದ್ದು ಸುತ್ತಿನ ಅಂತರ ಬೇರೆಯಾದರೂ ನಾಬ್ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಅಲ್ಲಿಂದ ಮುಂದೆ ಒತ್ತಾಯ ಮಾಡಿದರೆ ಮರೆ ತಿಂದುಹೋಗುತ್ತದೆ. ದಪ್ಪವನ್ನು ವರ್ನಿಯರಿನಿಂದ ನೋಡಿ, ಹತ್ತು ಸುತ್ತುಗಳ ಉದ್ದವನ್ನು ಅಳೆದು ಹತ್ತರಿಂದ ಭಾಗಿಸಿದರೆ ಸಂದೇಹ ಉಳಿಯದು. ಫೋಕ್ಸ್‌ವ್ಯಾಗನ್ನಿನಂಥ ಕೆಲವು ಕಾರುಗಳಲ್ಲಿ ಮರೆಯೇ ಇಲ್ಲ, ನಾಬನ್ನು ಒತ್ತಿ ಕೂರಿಸಿ ಬಳೆಯಿಂದ ಬಿಗಿದಿರುತ್ತಾರೆ. ರಿವರ್ಸಿಗೆ ನಾಬಿನ ಕೆಳಗಿನ ಉಂಗುರ ಎತ್ತಬೇಕಾದ ಕಾರುಗಳಿಗೆ ಆ ಉಂಗುರಕ್ಕೆ ಹೊಂದುವ ನಾಬೇ ಬೇಕು. ಇನ್ನು ಕಾನೂನಿನ ಮಾತು. ಮೀಂಜದ ಗಾಡಿಗಳು ಕೇರಳದ ಮೋಟಾರು ವಾಹನ ಇಲಾಖೆಯ ವ್ಯಾಪ್ತಿಗೆ ಸೇರಿದವು. ಮಾರ್ಪಾಡಿನ ವಿಷಯದಲ್ಲಿ ಅಲ್ಲಿ ಬಿಗಿ ಹೆಚ್ಚೆಂಬ ಅಳುಕು ಕೆಲವರಿಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುವುದು ಗಾಡಿಯ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಮಾರ್ಪಾಡನ್ನು. ನಾಬ್, ಬೂಟ್ ಆ ಸಾಲಿಗೆ ಬರುವುದಿಲ್ಲ.

ಕೆಲಸಕ್ಕೆ ಸಮತಟ್ಟಾದ ಜಾಗ ಬೇಕು. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಲಿವರನ್ನು ನ್ಯೂಟ್ರಲಿಗೆ ತರಬೇಕು. ಬೂಟಿನ ಕಟ್ಟನ್ನು ಪ್ಲಾಸ್ಟಿಕ್ ಚಪ್ಪಟೆಯಿಂದ ಮೆಲ್ಲನೆ ಮೀಟಿ ಎಬ್ಬಿಸಿ, ಹೊದಿಕೆಯನ್ನು ಒಳಹೊರಗು ಮಾಡಿ ಮೇಲಕ್ಕೆ ಮಗುಚಿದರೆ ಕೊರಳಿನ ಪಟ್ಟಿ ಕಾಣುತ್ತದೆ. ಅದನ್ನು ಕತ್ತರಿಸಿ, ನಾಬನ್ನು ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಬೇಕು. ಬಿಗಿದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿಟ್ಟರೆ ಸಾಕು. ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಒತ್ತಿ ಕೂರಿಸಿದ ನಾಬನ್ನು ಎಳೆಯುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು, ಅದು ಒಮ್ಮೆಲೇ ಕಿತ್ತು ಬರುತ್ತದೆ. ಒಳಗಿನ ರಬ್ಬರನ್ನು ಪರೀಕ್ಷಿಸಲು ಇದೇ ಸಮಯ. ಬೆಳಕು ಬಿಟ್ಟು ಪ್ರತಿ ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ ನೋಡಬೇಕು.

ಹೊಸ ಬೂಟನ್ನು ಮೊದಲು ಲಿವರಿಗೆ ಇಳಿಸಿ, ಆಮೇಲೆ ನಾಬನ್ನು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಗೇರುಗಳ ನಕ್ಷೆ ಚಾಲಕರಿಗೆ ನೇರವಾಗಿ ಕಾಣುವಂತೆ ನಿಲ್ಲಿಸಲು ಕೆಳಗೊಂದು ಲಾಕ್ ನಟ್ ಬೇಕಾಗುತ್ತದೆ. ಸಡಿಲ ಉಳಿದರೆ ನಲ್ಲಿ ಕೆಲಸಕ್ಕೆ ಬಳಸುವ ಬಿಳಿಯ ಟೆಫ್ಲಾನ್ ಟೇಪಿನ ಎರಡು ಸುತ್ತು ಸಾಕು. ಬೋಲ್ಟು ಬಿಗಿಯುವ ದ್ರವದ ಅಂಟು ಪ್ಲಾಸ್ಟಿಕ್ ನಾಬಿನಲ್ಲಿ ಬಿರುಕು ಹುಟ್ಟಿಸಬಲ್ಲದು. ಕಟ್ಟನ್ನು ಒತ್ತಿ ಕೂರಿಸಿದ ಮೇಲೆ, ಎಂಜಿನ್ ಚಾಲೂ ಮಾಡದೆ ಕ್ಲಚ್ ಒತ್ತಿ ಒಂದರಿಂದ ಕೊನೆಯ ಗೇರಿನವರೆಗೆ, ಜೊತೆಗೆ ರಿವರ್ಸಿಗೂ ಹಾಕಿ ನೋಡಬೇಕು. ಪ್ರತಿ ಗೇರಿನಲ್ಲೂ ಕೈ ಬಿಟ್ಟಾಗ ಲಿವರ್ ಅಲ್ಲೇ ನಿಲ್ಲಬೇಕು, ಬೂಟಿನ ಯಾವ ಬದಿಯೂ ಬಿಗಿಯಬಾರದು. ಕೆಲವು ದಿನ ಓಡಿಸಿದ ಮೇಲೆ ನಾಬನ್ನೂ ಲಾಕ್ ನಟ್ಟನ್ನೂ ಇನ್ನೊಮ್ಮೆ ಬಿಗಿದರೆ ಕೆಲಸ ಮುಗಿಯಿತು.