ಗಾಜಿನ ಒಳಗಿನ ಮಂಜು

ಕಳೆದ ಜನವರಿಯ ಒಂದು ನಸುಕು. ವಿಜಯಪುರದ ಕಡೆಯಿಂದ ಬಂದ ರೈಲಿನಿಂದ ಅಪ್ಪ, ಅವ್ವ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದರು. ಅಜ್ಜಿಯನ್ನು ಕರೆತರಲು ತಾನೂ ಬರುತ್ತೇನೆಂದು ಮಗಳು ಹಟ ಹಿಡಿದಿದ್ದರಿಂದ ನಾನು, ಹೆಂಡತಿ, ಮಗಳು ಮೂವರೂ ಹೋಗಿದ್ದೆವು. ಮುಂಬೈಯಲ್ಲಿ ಚಳಿಯೇ ಇಲ್ಲ ಎನ್ನುವವರು ಕೊಲಾಬಾದಲ್ಲಿ ಇರುವವರು. ಸಮುದ್ರದಿಂದ ದೂರ ಸರಿದು ಕಲ್ಯಾಣ, ಬದ್ಲಾಪುರದ ಕಡೆ ಬಂದರೆ ಜನವರಿಯ ನಸುಕಿನಲ್ಲಿ ಪಾದರಸ 12–13 ಡಿಗ್ರಿಗೆ ಇಳಿಯುವುದುಂಟು.

ಅವ್ವನಿಗೆ ಉಬ್ಬಸ. ತಣ್ಣನೆಯ ಗಾಳಿ ತಾಗಬಾರದೆಂದು ನಾಲ್ಕೂ ಕಿಟಕಿ ಏರಿಸಿದೆ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಮೆಟ್ರೋ ಕಾಮಗಾರಿಯ ದೂಳು, ಲಾರಿಗಳ ಹೊಗೆ. ಹಾಗಾಗಿ ಹೊರಗಿನ ಗಾಳಿ ಒಳಗೆ ಬಾರದಂತೆ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನೂ ಒತ್ತಿದೆ. ಎ.ಸಿ. ಹಾಕುವ ಮಾತೇ ಇರಲಿಲ್ಲ. ‘ಥಂಡ್ಯಾಗ ಎ.ಸಿ. ಹಾಕಬ್ಯಾಡಪಾ’ ಎಂದು ಅವ್ವ ಕೂರುವಾಗಲೇ ಹೇಳಿದ್ದಳು. ಎಲ್ಲವೂ ಅವಳ ಒಳ್ಳೆಯದಕ್ಕೆಂದೇ ಮಾಡಿದ್ದು.

ಪತ್ರಿಪೂಲ್ ದಾಟುವಷ್ಟರಲ್ಲಿ ಮುಂದಿನ ಗಾಜಿನ ಅಂಚುಗಳು ಬೆಳ್ಳಗಾಗತೊಡಗಿದವು. ಇನ್ನೆರಡು ನಿಮಿಷಕ್ಕೆ ಇಡೀ ಗಾಜು ಹಾಲಿನ ಕೆನೆಯಂತಾಯಿತು. ವೈಪರ್ ಹಾಕಿದೆ, ಮಂಜು ಒಳಗಿದ್ದರೆ ಹೊರಗಿನ ವೈಪರ್ ಏನು ಮಾಡೀತು? ಪಕ್ಕದಲ್ಲಿದ್ದ ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸತೊಡಗಿದರು. ಒರೆಸಿದಲ್ಲಿ ಅರೆಗಳಿಗೆ ತಿಳಿಯಾಗಿ ಮತ್ತೆ ಮಸುಕಾಗುತ್ತಿತ್ತು. ಎದುರಿನ ಟ್ಯಾಂಕರಿನ ದೀಪ ಆ ಒದ್ದೆ ಗೆರೆಗಳ ಮೇಲೆ ಬಿದ್ದು ಕಣ್ಣ ತುಂಬ ಹಳದಿ ಹರಡಿತು. ಆ ಹಳದಿಯ ನಡುವಿನಿಂದ ಒಂದು ಸೈಕಲ್ ಮೂಡಿತು.

ಬ್ರೇಕ್ ಒತ್ತಿದೆ. ಕಾರು ನಿಂತಾಗ ಸೈಕಲ್ಲಿಗೂ ಬಂಪರಿಗೂ ಒಂದು ಮೊಳದ ಅಂತರ. ಪೇಪರ್ ಹಾಕುವ ಹುಡುಗ, ಹದಿನೆಂಟಿರಬೇಕು. ಹಿಂದಿನ ಕ್ಯಾರಿಯರ್‌ನಿಂದ ಒಂದು ಕಟ್ಟು ಜಾರಿ ರಸ್ತೆಗೆ ಬಿದ್ದಿತ್ತು. ಬೈಗುಳಕ್ಕೆ ಸಿದ್ಧನಾಗಿ ಕೆಳಗಿಳಿದೆ. ಅವನು ಪೇಪರುಗಳನ್ನು ಎತ್ತಿಕೊಂಡು, ಕಾರಿನತ್ತ ಒಮ್ಮೆ ನೋಡಿ, ‘ಆಧೀ ಕಾಚ್ ಪುಸಾ, ಸಾಹೇಬ್’ ಎಂದು ಹೊರಟುಹೋದ. ಮೊದಲು ಗಾಜು ಒರೆಸಿ ಅಂತ.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಅಪ್ಪನೇ, ‘ಎಂ.ಟೆಕ್. ಮಾಡೀದಿ, ಒಂದು ಗಾಜಿನ ಕತಿ ಗೊತ್ತಾಗವಲ್ದಲ್ಲೋ’ ಎಂದರು. ನಗು ಬರಲಿಲ್ಲ.

ಐದು ಜನ, ಮುಕ್ಕಾಲು ಲೋಟ ನೀರು

ಆ ರಾತ್ರಿ ಕಾಗದ ಹಿಡಿದು ಲೆಕ್ಕಕ್ಕೆ ಕೂತೆ. ದಿನವೂ ಇದೇ ರಸ್ತೆಯಲ್ಲಿ ಐರೋಲಿಯ ಆಫೀಸಿಗೆ ಹೋಗುತ್ತೇನೆ. ಇಷ್ಟು ಮಂಜು ಎಂದೂ ಕಂಡಿರಲಿಲ್ಲ. ಅಂದು ಮಾತ್ರ ಯಾಕೆ?

ಉತ್ತರ ನಮ್ಮ ಉಸಿರಿನಲ್ಲಿದೆ. ಸುಮ್ಮನೆ ಕೂತ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಾನೆ. ಐದು ಜನರಿಗೆ 150 ಗ್ರಾಂ, ಅಂದರೆ ಗಂಟೆಗೆ ಮುಕ್ಕಾಲು ಲೋಟ. ಸಾಧಾರಣ ಕಾರಿನ ಒಳಗಿರುವುದು 3 ಘನ ಮೀಟರ್‌ನಷ್ಟು ಗಾಳಿ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 13 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿಯಲ್ಲಿ 23 ಗ್ರಾಂ. ನಮ್ಮ ಮೈ ಕಾವಿಗೆ ಒಳಗಿನ ಗಾಳಿ ಬೆಚ್ಚಗಾಗಿ ಆವಿಯನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಗಾಜು ಮಾತ್ರ ಹೊರಗಿನ ಚಳಿಗೆ ತಣ್ಣಗೇ ಇರುತ್ತದೆ. ಆ ಗಾಜನ್ನು ಮುಟ್ಟಿದ ಗಾಳಿ ತಣಿದು, ಹಿಡಿದಿಡಲಾಗದ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂರುವುದೂ ಹೀಗೆಯೇ.

ಖಾಡಿ, ಉಲ್ಹಾಸ್ ನದಿಗಳ ಮಗ್ಗುಲಲ್ಲಿರುವ ನಮ್ಮೂರಿನ ನಸುಕಿನ ಗಾಳಿಯಲ್ಲಿ ತೇವ ಮೊದಲೇ ತುಂಬಿರುತ್ತದೆ. ಹೊರಟಾಗ ಕಾರಿನ ಗಾಳಿಯಲ್ಲಿ ಘನ ಮೀಟರಿಗೆ 10 ಗ್ರಾಂ ಆವಿ ಇತ್ತೆಂದಿಟ್ಟುಕೊಳ್ಳಿ. 13 ಮುಟ್ಟಲು ಬೇಕಾದದ್ದು ಒಟ್ಟು 9 ಗ್ರಾಂ ಮಾತ್ರ. ಐದು ಜನರಿಗೆ ಅದು ನಾಲ್ಕು ನಿಮಿಷದ ಕೆಲಸ. ಒಬ್ಬನೇ ಇದ್ದರೆ ಹದಿನೆಂಟು ನಿಮಿಷ, ಅಷ್ಟರಲ್ಲಿ ಗಾಜೂ ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಒಣ ಹವೆಯ ವಿಜಯಪುರದಲ್ಲಿ ಇಷ್ಟೇ ಚಳಿಯಿದ್ದರೂ ಅಪ್ಪ ಈ ಫಜೀತಿ ಕಂಡಿರಲಿಲ್ಲ. ಅಲ್ಲಿನ ಗಾಳಿಗೆ ಇನ್ನಷ್ಟು ಕುಡಿಯುವ ಜಾಗವಿರುತ್ತದೆ.

ಅಂದು ನಾನು ಮಾಡಿದ ಮೂರೂ ಕೆಲಸ ತಪ್ಪಾಗಿದ್ದವು. ಕಿಟಕಿ ಮುಚ್ಚಿದೆ, ಒಳಗಿನ ಗಾಳಿಯನ್ನೇ ಸುತ್ತಿಸಿದೆ, ಎ.ಸಿ. ಆರಿಸಿದೆ. ಆವಿ ಹೊರಹೋಗುವ ಎಲ್ಲ ಬಾಗಿಲುಗಳನ್ನೂ ನಾನೇ ಮುಚ್ಚಿದ್ದೆ.

ಒಣಗಿಸುವ ಯಂತ್ರ

ಅವ್ವನನ್ನು ಒಪ್ಪಿಸುವುದು ಕಷ್ಟವಾಯಿತು. ಎ.ಸಿ. ಎಂದರೆ ತಂಪು, ತಂಪೆಂದರೆ ಉಬ್ಬಸ ಎಂಬುದು ಅವಳ ಲೆಕ್ಕ. ಆದರೆ ಎ.ಸಿ. ಹುಟ್ಟಿದ್ದೇ ತಂಪಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವವನ್ನು ಹತೋಟಿಗೆ ತರಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎ.ಸಿ.ಯ ಮೂಲ.

ಕಾರಿನಲ್ಲೂ ಅದೇ ಕೆಲಸ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ತಣ್ಣನೆಯ ಸುರುಳಿ ಇದೆ. ಗಾಳಿ ಅದನ್ನು ಹಾದಾಗ ತೇವ ಅಲ್ಲೇ ಹನಿಯಾಗಿ, ಕೊಳವೆಯಲ್ಲಿ ಕೆಳಗಿಳಿದು ರಸ್ತೆಗೆ ತೊಟ್ಟಿಕ್ಕುತ್ತದೆ. ಹಾಗೆ ಒಣಗಿದ ಗಾಳಿಯನ್ನು ಎಂಜಿನ್ನಿನ ಬಿಸಿನೀರಿನ ಇನ್ನೊಂದು ಸುರುಳಿ ಬೆಚ್ಚಗೆ ಮಾಡುತ್ತದೆ. ಅಂದರೆ ಎ.ಸಿ. ಮತ್ತು ಹೀಟರ್ ಒಟ್ಟಿಗೆ ನಡೆಯಬಲ್ಲವು. ತಾಪಮಾನದ ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿ ಎ.ಸಿ. ಒತ್ತಿ ತೋರಿಸಿದೆ. ಅವ್ವ ಕೈಯೊಡ್ಡಿ ನೋಡಿ, ‘ಬಿಸಿ ಗಾಳಿ ಬರಾಕತ್ತೈತಿ, ಮತ್ತ ಎ.ಸಿ. ಅಂತೀಯಲ್ಲ!’ ಎಂದಳು. ಗಾಜು ಒಂದು ನಿಮಿಷದೊಳಗೆ ತಿಳಿಯಾಯಿತು.

ಗಾಳಿಯನ್ನು ಸುತ್ತಿಸುವ ಗುಂಡಿಯದು ಇನ್ನೊಂದು ಅಪಾಯವಿದೆ. ಆವಿಯ ಜೊತೆ ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಕೂಡ ಒಳಗೇ ಉಳಿಯುತ್ತದೆ. ಹೊರಗೆ 420 ಪಿಪಿಎಂ ಆಸುಪಾಸಿನಲ್ಲಿರುವ ಅದು, ತುಂಬಿದ ಮುಚ್ಚಿದ ಕಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಾವಿರ ದಾಟುತ್ತದೆ. ದೂರದ ಪ್ರಯಾಣದಲ್ಲಿ ಡ್ರೈವ್ ಮಾಡುವವರಿಗೆ ಬರುವ ಜೋಂಪಿಗೆ ನಿದ್ದೆಗೇಡೊಂದೇ ಕಾರಣವಲ್ಲ. ದೂಳಿನ ರಸ್ತೆಯಲ್ಲಿ ಆ ಗುಂಡಿ ಬೇಕು ನಿಜ, ಆದರೆ ಐದು ನಿಮಿಷಕ್ಕೆ. ದೂಳು ದಾಟಿದ ಮೇಲೆ ತೆಗೆಯುವುದನ್ನು ನಾವು ಮರೆಯುತ್ತೇವೆ.

ಕಾರ್ಪೆಟ್ಟಿನ ಕೆಳಗೆ

ಇಷ್ಟಾದರೂ ಬೆಳಿಗ್ಗೆ ಕಾರು ಹತ್ತುವ ಮೊದಲೇ ಗಾಜಿನ ಒಳಗೆ ತೆಳುವಾದ ಮಂಜು ಇರುತ್ತಿತ್ತು. ರಾತ್ರಿಯಿಡೀ ಯಾರೂ ಉಸಿರಾಡದ ಕಾರಿನಲ್ಲಿ ತೇವ ಎಲ್ಲಿಂದ? ಡೊಂಬಿವಲಿ ಎಂಐಡಿಸಿಯ ಮೆಕ್ಯಾನಿಕ್ ಒಬ್ಬರು ಮುಂದಿನ ಎಡ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರು. ನೀರು ಜಿನುಗಿತು. ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಸ ಕಟ್ಟಿ, ಮಳೆಗಾಲದಿಂದಲೂ ಹನಿಹನಿಯಾಗಿ ಒಳಗೇ ಇಳಿಯುತ್ತಿತ್ತು. ಕ್ಯಾಬಿನ್ ಫಿಲ್ಟರ್ ಹೊರತೆಗೆದರೆ ಕಲ್ಯಾಣ–ಶಿಳ್ ರಸ್ತೆಯ ಮಣ್ಣೆಲ್ಲ ಅದರಲ್ಲಿತ್ತು. ಕೊಳವೆ ಬಿಡಿಸಿ, ಫಿಲ್ಟರ್ ಬದಲಿಸಿ, ಕಾರ್ಪೆಟ್ಟನ್ನು ಎರಡು ದಿನ ಬಿಸಿಲಿಗೆ ಒಣಗಿಸಿದ ಮೇಲೆ ಮುಗ್ಗಲು ವಾಸನೆಯೂ ಹೋಯಿತು. ಅವ್ವನ ಉಬ್ಬಸಕ್ಕೆ ಎ.ಸಿ.ಗಿಂತ ಆ ಮುಗ್ಗಲೇ ಹೆಚ್ಚು ಕೆಟ್ಟದ್ದು ಎಂಬುದು ಆಗ ಹೊಳೆಯಿತು.

ಇಲ್ಲಿಯ ಮಳೆಗಾಲದಲ್ಲಿ ಇದೇ ಆಟ ಉಲ್ಟಾ ಆಗುವುದೂ ಉಂಟು. ಎ.ಸಿ.ಯನ್ನು ತೀರಾ ತಂಪಿಗಿಟ್ಟರೆ ಗಾಜೇ ತಣ್ಣಗಾಗಿ, ಹೊರಗಿನ ತೇವ ಗಾಜಿನ ಹೊರಮೈಗೆ ಕಟ್ಟುತ್ತದೆ. ಆಗ ವೈಪರ್ ಹಾಕಬೇಕು, ತಂಪು ತಗ್ಗಿಸಬೇಕು, ಗಾಳಿಯನ್ನು ಗಾಜಿನಿಂದ ಆಚೆಗೆ ತಿರುಗಿಸಬೇಕು. ಮಂಜು ಯಾವ ಕಡೆಗಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ನೆನಪಿರಲಿ
• ಗಾಜಿನ ಒಳಗೆ ಮಂಜು ಕಂಡ ಕೂಡಲೇ ಹೊರಗಿನ ಗಾಳಿ ಬಿಡಿ, ಎ.ಸಿ. ಹಾಕಿ, ತಾಪಮಾನ ಬಿಸಿಯ ಕಡೆ ತಿರುಗಿಸಿ, ಗಾಳಿಯನ್ನು ಮುಂದಿನ ಗಾಜಿಗೆ ಹರಿಸಿ. ಹಲವು ಕಾರುಗಳಲ್ಲಿ ಗಾಜಿನ ಚಿತ್ರವಿರುವ ಒಂದೇ ಗುಂಡಿ ಇದನ್ನೆಲ್ಲ ಮಾಡುತ್ತದೆ.
• ಗಾಜು ತಿಳಿಯಾದ ತಕ್ಷಣ ಎ.ಸಿ. ಆರಿಸಬೇಡಿ. ಸುರುಳಿಯ ಮೇಲಿನ ನೀರು ಮತ್ತೆ ಆವಿಯಾಗಿ ಗಾಜಿಗೇ ಬರುತ್ತದೆ.
• ಅಂಗೈಯಿಂದ ಒರೆಸಬೇಡಿ. ಕೈಯ ಜಿಡ್ಡು ಎದುರಿನ ದೀಪವನ್ನು ಹರಡುತ್ತದೆ. ವಾರಕ್ಕೊಮ್ಮೆ ಗಾಜಿನ ಒಳಮೈಯನ್ನು ಮೈಕ್ರೋಫೈಬರ್ ಬಟ್ಟೆಯಿಂದ ಸ್ವಚ್ಛಗೊಳಿಸಿ.
• ಒದ್ದೆ ಛತ್ರಿ, ಟವೆಲ್, ಮ್ಯಾಟ್ ಕಾರಿನಲ್ಲಿ ಉಳಿಸಬೇಡಿ.
• ಏನೂ ಕಾಣದಿದ್ದರೆ ಪಕ್ಕಕ್ಕೆ ನಿಲ್ಲಿಸಿ. ತಿಳಿಯಾಗಲು ಬೇಕಾದದ್ದು ಒಂದೆರಡು ನಿಮಿಷ.

ಆ ಕೊನೆಯ ಸಾಲನ್ನು ಮೊದಲು ಬರೆಯಬೇಕಿತ್ತು. ಅಂದು ನನಗೆ ಕಾರಣ ಗೊತ್ತಿರಲಿಲ್ಲ, ಅದು ಕ್ಷಮೆಗೆ ಅರ್ಹ. ಕಾಣದಿದ್ದರೂ ಗಾಡಿ ಓಡಿಸುತ್ತಲೇ ಇದ್ದೆ, ಅದು ಅಲ್ಲ.

ಮೂರು ವಾರದ ನಂತರ ಅಪ್ಪ, ಅವ್ವನನ್ನು ಬಿಡಲು ಅದೇ ರಸ್ತೆಯಲ್ಲಿ ಕಲ್ಯಾಣಕ್ಕೆ ಹೋದೆವು. ಅದೇ ಐದು ಜನ, ಅಷ್ಟೇ ಚಳಿ. ಕಾರು ಹೊರಟ ಕೂಡಲೇ ಹಿಂದಿನಿಂದ ಅವ್ವ, ‘ಒಣಗಸೂ ಮಿಷಿನ್ ಹಚ್ಚಿಯೇನು?’ ಎಂದಳು. ಹಚ್ಚಿದ್ದೆ. ದಾರಿಯಲ್ಲಿ ಹಾಲಿನವರು, ಪೇಪರಿನವರು, ಕೆಲಸಕ್ಕೆ ಹೊರಟ ಹೆಂಗಸರು ಎಲ್ಲರೂ ಸ್ಪಷ್ಟವಾಗಿ ಕಾಣುತ್ತಿದ್ದರು. ಇಷ್ಟೊಂದು ಜನ ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿರುತ್ತಾರೆಂದು ನನಗೆ ಗೊತ್ತಿರಲಿಲ್ಲ.