ದಣಿದ ಪಾದಕ್ಕೆ ಒಂದು ಬೋಗುಣಿ ನೀರು

ಇಟಲಿಯ ಟಸ್ಕನಿ ಪ್ರಾಂತ್ಯದ ದಕ್ಷಿಣದಂಚಿನಲ್ಲಿ, ಸುಮಾರು 800 ಮೀಟರ್ ಎತ್ತರದ ಗುಡ್ಡದ ಮೇಲೆ ರಾಡಿಕೋಫಾನಿ ಎಂಬ ಊರಿದೆ. ಅಲ್ಲಿನ ಹಳೆಯ ಕಲ್ಲುಕಟ್ಟಡವೊಂದರಲ್ಲಿ, ದಿನವಿಡೀ ನಡೆದು ಬಂದ ಯಾತ್ರಿಕರ ಪಾದಗಳನ್ನು ಇವತ್ತಿಗೂ ತೊಳೆಯುತ್ತಾರೆ. ‘ವಿಯಾ ಫ್ರಾಂಚಿಜೆನಾ’ ಎಂಬ ಪುರಾತನ ಕಾಲುದಾರಿಯ ಬಗ್ಗೆ ಓದುತ್ತಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ಸಂಗತಿ.

ಇಂಗ್ಲೆಂಡಿನ ಕ್ಯಾಂಟರ್‌ಬರಿಯಿಂದ ಫ್ರಾನ್ಸ್, ಸ್ವಿಟ್ಜರ್ಲೆಂಡ್ ದಾಟಿ ರೋಮ್ ಸೇರುವ ದಾರಿಯಿದು. ಕ್ರಿ.ಶ. 990ರ ಸುಮಾರಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಜೆರಿಕ್, ಪೋಪ್ ಕೈಯಿಂದ ತನ್ನ ಪದವಿಯ ಲಾಂಛನವಾದ ಉತ್ತರೀಯವನ್ನು ಪಡೆಯಲು ರೋಮ್‌ಗೆ ಹೋಗಿದ್ದ. ಮರಳಿ ಬರುವಾಗಿನ 79 ತಂಗುದಾಣಗಳ ಹೆಸರುಗಳು ಹಸ್ತಪ್ರತಿಯೊಂದರಲ್ಲಿ ಉಳಿದುಕೊಂಡವು. ಇಂದಿನ ಹಾದಿಯನ್ನು ಗುರುತಿಸಿದ್ದು ಬಹುಮಟ್ಟಿಗೆ ಆ ಪಟ್ಟಿಯಿಂದಲೇ. 1994ರಲ್ಲಿ ಯುರೋಪ್ ಮಂಡಳಿ ಇದನ್ನು ಸಾಂಸ್ಕೃತಿಕ ಮಾರ್ಗವೆಂದು ಮಾನ್ಯ ಮಾಡಿತು.

ರಾಡಿಕೋಫಾನಿಗೆ ಕಾಲ್ನಡಿಗೆಯಲ್ಲಿ ಬರುವವರು ಸಾಮಾನ್ಯವಾಗಿ ಸಾನ್ ಕ್ವಿರಿಕೊ ದೋರ್ಚಾ ಎಂಬ ಊರಿನಿಂದ ಬೆಳಗಿನ ಜಾವವೇ ಹೊರಡುತ್ತಾರೆ. ನಡುವಿನ ದೂರ ಸುಮಾರು 33 ಕಿಲೋಮೀಟರ್. ಮೊದಲು ಬಾನ್ಯೊ ವಿಞೋನಿ ಸಿಗುತ್ತದೆ. ಊರ ನಡುವಿನ ಚೌಕದಲ್ಲಿ ಅಂಗಳದ ಬದಲು ಬಿಸಿನೀರಿನ ದೊಡ್ಡ ಕೊಳ. ಅದರ ಮೇಲೆ ತೆಳ್ಳಗೆ ಹಬೆ. ಸಿನಿಮಾ ನಿರ್ದೇಶಕ ತಾರ್ಕೋವ್‌ಸ್ಕಿ ತಮ್ಮ ‘ನಾಸ್ಟಾಲ್ಜಿಯಾ’ ಚಿತ್ರದ ದೃಶ್ಯಗಳನ್ನು ತೆಗೆದದ್ದು ಇಲ್ಲೇ. ಓರ್ಚಾ ಹೊಳೆ ದಾಟಿದ ಮೇಲೆ ಜೇಡಿಮಣ್ಣಿನ ದಿಬ್ಬಗಳು, ಗೋಧಿ ಹೊಲಗಳು, ಅಲ್ಲೊಂದು ಇಲ್ಲೊಂದು ಸೈಪ್ರೆಸ್ ಸಾಲು. ಈ ಕಣಿವೆ 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಚಿತ್ರದಲ್ಲಿ ನೋಡುವವರಿಗೆ ಅದು ಸ್ವರ್ಗ. ನಡೆಯುವವರಿಗೆ ಅಲ್ಲಿ ನೆರಳಿಲ್ಲ, ನೀರೂ ಅಪರೂಪ. ಮಳೆ ಬಂದರೆ ಆ ಮಣ್ಣು ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರ ಏರುತ್ತದೆ. ರಾಡಿಕೋಫಾನಿಯ ಕೋಟೆ ಗೋಪುರ ದೂರದಿಂದಲೇ ಕಾಣಿಸಿದರೂ ಎಷ್ಟು ನಡೆದರೂ ಹತ್ತಿರ ಬಂದಂತೆ ಅನಿಸುವುದಿಲ್ಲ. ಕೊನೆಗೆ ಸುಸ್ತಾದ ಹೊತ್ತಿಗೇ ಎದುರಾಗುವುದು ಏರು.

ಸಿಜೆರಿಕ್‌ನ ಪಟ್ಟಿಯಲ್ಲಿ ರಾಡಿಕೋಫಾನಿ ಇಲ್ಲ. ಆಗಿನ ಹಾದಿ ಕೆಳಗಿನ ಪಾಲ್ಯಾ ಹೊಳೆಯ ಕಣಿವೆಯಲ್ಲಿ ಸಾಗುತ್ತಿತ್ತು. ಗುಡ್ಡ ಹತ್ತಿದ್ದು ಆಮೇಲೆ. ಈ ಕೋಟೆಯನ್ನು ಹಿಡಿದು ಕೂತಿದ್ದ ಘಿನೊ ದಿ ತಾಕೊ ಎಂಬ ದರೋಡೆಕೋರನ ಹೆಸರು ಡಾಂಟೆಯ ಕಾವ್ಯದಲ್ಲಿದೆ. ಕಥೆಗಾರ ಬೊಕಾಚೊ ಹೇಳುವ ಕಥೆಯಲ್ಲಂತೂ ಆತ ಸೆರೆಹಿಡಿದ ಮಠಾಧಿಪತಿಗೆ ಸುಟ್ಟ ರೊಟ್ಟಿ, ವೈನ್ ಕೊಟ್ಟು ಹೊಟ್ಟೆನೋವನ್ನೇ ವಾಸಿ ಮಾಡುತ್ತಾನೆ.

ಈಗ ಅದೇ ಊರಿನಲ್ಲಿ ಸಂತ ಪೀಟರ್ ಮತ್ತು ಸಂತ ಜೇಮ್ಸ್ ಹೆಸರಿನ ಯಾತ್ರಿಕರ ಛತ್ರವಿದೆ. ನಡೆಸುತ್ತಿರುವುದು ಪೆರೂಜಾ ನಗರದ ಸಂತ ಜೇಮ್ಸ್ ಭಕ್ತಸಂಘ. ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. ಅವರನ್ನು ‘ಒಸ್ಪಿತಾಲಿಯೆರೊ’ ಎನ್ನುತ್ತಾರೆ. ರಜೆ ಹಾಕಿ ಬಂದು, ಸರದಿಯಂತೆ ಇದ್ದು, ಅಡುಗೆ ಮಾಡಿ, ನೆಲ ಒರೆಸಿ ಹೋಗುತ್ತಾರೆ. ಬಂದವರು ‘ಕ್ರೆದೆನ್ಸಿಯಾಲೆ’ ಎಂಬ ಯಾತ್ರಾಪತ್ರ ತೋರಿಸಿ ಮುದ್ರೆ ಹಾಕಿಸಿಕೊಂಡರೆ ಮಂಚ ಸಿಕ್ಕಿತು.

ಪಾದ ತೊಳೆಯುವುದು ಸಂಜೆ, ಊಟಕ್ಕೆ ಮುಂಚೆ. ನಡೆದು ಬಂದವರು ಸಾಲಾಗಿ ಕೂರುತ್ತಾರೆ. ಅಂದಿನ ಒಸ್ಪಿತಾಲಿಯೆರೊ ನೆಲಕ್ಕೆ ಮೊಣಕಾಲೂರುತ್ತಾರೆ. ಒಬ್ಬರು ಹೂಜಿಯಿಂದ ನೀರು ಹನಿಸುತ್ತಾರೆ, ಇನ್ನೊಬ್ಬರು ಬೋಗುಣಿಯ ಮೇಲೆ ಪಾದ ಹಿಡಿದಿರುತ್ತಾರೆ. ಮೊದಲು ಎಲ್ಲರೂ ಸಂಕೋಚದಿಂದ ಕಾಲು ಹಿಂದಕ್ಕೆಳೆದುಕೊಳ್ಳುವವರೇ. ಒಡೆದ ಹಿಮ್ಮಡಿ, ಬೆರಳ ಸಂದಿಯ ಬೊಬ್ಬೆ, ಕಪ್ಪಗಾದ ಉಗುರು, ಬಿಳಿ ಪ್ಲಾಸ್ಟರು: ಯಾರಿಗೂ ತೋರಿಸಬೇಕೆನಿಸದ ಪಾದಗಳವು. ಬೊಬ್ಬೆ ನೋಯದಂತೆ ಸುತ್ತಲೂ ಟವೆಲ್ ಒತ್ತಿ ಒರೆಸಿ, ಕೊನೆಗೆ ಬಗ್ಗಿ ಆ ಪಾದಕ್ಕೆ ಮುತ್ತಿಡುತ್ತಾರೆ. ಒಂದು ಸಣ್ಣ ಪ್ರಾರ್ಥನೆ. ಅಷ್ಟೇ. ಕ್ರಿಸ್ತ ಶಿಷ್ಯರ ಪಾದ ತೊಳೆದ ನೆನಪಿನ ಆಚರಣೆಯಿದು ಎಂಬುದು ಗೊತ್ತಿದ್ದರೂ, ದೇವರನ್ನು ನಂಬದವರ ಕಣ್ಣೂ ತುಂಬಿಕೊಳ್ಳುತ್ತದೆ. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಕಾಲನ್ನು ದಾರಿಯ ಹಳ್ಳಿಗರು ಎಣ್ಣೆ ಹಚ್ಚಿ ತಿಕ್ಕುವುದನ್ನು ಕಂಡವರಿಗೆ ಇದು ಪರಕೀಯ ಅನಿಸದು.

ಒಂದು ಕಾಲಕ್ಕೆ ಈ ದಾರಿಯುದ್ದಕ್ಕೂ ಇಂಥ ಮನೆಗಳಿದ್ದವು. ಸಿಯೆನಾದ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಅವುಗಳಲ್ಲಿ ಬಹು ದೊಡ್ಡದು. 15ನೇ ಶತಮಾನದಲ್ಲಿ ದೊಮೆನಿಕೊ ದಿ ಬಾರ್ತೊಲೊ ಅಲ್ಲಿನ ಗೋಡೆಗಳ ಮೇಲೆ ರೋಗಿಗಳ ಆರೈಕೆ, ಅನ್ನದಾನದ ಚಿತ್ರಗಳನ್ನು ಬರೆದ. ಇವತ್ತು ಅದು ವಸ್ತುಸಂಗ್ರಹಾಲಯ. ಟಿಕೆಟ್ ಕೊಂಡು ಸೇವೆಯ ಚಿತ್ರ ನೋಡಬಹುದು, ಸೇವೆ ಇಲ್ಲ. ಕಣಿವೆಯ ಎಷ್ಟೋ ತೋಟದ ಮನೆಗಳು ಈಜುಕೊಳವಿರುವ ಅತಿಥಿಗೃಹಗಳಾಗಿವೆ. ಸ್ಪೇನಿನ ಸಾಂತಿಯಾಗೊ ದಾರಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಹೋಗುತ್ತಾರೆ. ಇಲ್ಲಿಗೆ ಬರುವವರು ಅದರ ಒಂದು ಸಣ್ಣ ಪಾಲು ಮಾತ್ರ. ನಡೆಯುವವರು ಕಡಿಮೆಯಾದರೆ ಛತ್ರ ತೆರೆದಿಡಲು ರಜೆ ಹಾಕಿ ಬರುವವರೂ ಕಡಿಮೆಯಾಗುತ್ತಾರೆ. ದಾರಿಗೆ ಗುರುತಿನ ಬಣ್ಣ ಬಳಿಯುವುದು ಸುಲಭ. ಸಂಜೆ ಬಾಗಿಲು ತೆಗೆಯುವ ಮನುಷ್ಯರನ್ನು ಉಳಿಸಿಕೊಳ್ಳುವುದು ಕಷ್ಟ. ಅವರಿಲ್ಲದೆ ಈ ಹಾದಿ ಬರಿಯ ವ್ಯಾಯಾಮ.

ನಮ್ಮವರು ಇಟಲಿಗೆ ಹೋದರೆ ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಬಸ್ಸಿನಲ್ಲೇ ಸುತ್ತಿ ಬರುತ್ತಾರೆ. ಮುಂದಿನ ಸಲ ಒಂದು ದಿನವನ್ನಾದರೂ ಈ ದಾರಿಗೆ ಮೀಸಲಿಡಿ. ಯಾತ್ರಾಪತ್ರ ಮಾಡಿಸಿಕೊಳ್ಳಿ, ಮೊದಲೇ ಫೋನ್ ಮಾಡಿ ತಿಳಿಸಿ, ನೀರು ಹೊತ್ತುಕೊಂಡು ನಡೆಯಿರಿ. ರಾಡಿಕೋಫಾನಿಯ ಛತ್ರದಲ್ಲಿ ಬಾಡಿಗೆಯ ಬಿಲ್ ಕೊಡುವುದಿಲ್ಲ. ಬೆಳಿಗ್ಗೆ ಹೊರಡುವಾಗ ಕೈಲಾದಷ್ಟು ಕಾಣಿಕೆ ಇಟ್ಟು ಬನ್ನಿ. ಆ ಮನೆ ನಡೆಯುವುದು ಅದರಿಂದಲೇ.