ಪೆನಾಂಗ್ ಬಂದರಿನಲ್ಲಿ ಒಂದು ಮಳೆದಿನ

ಕ್ರೂಸ್ ಪ್ರವಾಸ ಅಂದರೆ ಬಿಸಿಲು, ನೀಲಿ ಸಮುದ್ರ, ಡೆಕ್ಕಿನ ಮೇಲೆ ಫೋಟೊ. ಟ್ರಾವೆಲ್ಸ್‌ನವರು ತೋರಿಸುವ ಚಿತ್ರಗಳಲ್ಲಿ ಮಳೆ ಇರುವುದೇ ಇಲ್ಲ. ಆದರೆ ನಮ್ಮ ಮಕ್ಕಳಿಗೆ ರಜೆ ಸಿಗುವುದು ದಸರಾಕ್ಕೆ. ಸಿಂಗಾಪುರದಿಂದ ಹೊರಡುವ ಹಲವು ಹಡಗುಗಳು ತಂಗುವ ಮಲೇಶ್ಯದ ಪೆನಾಂಗ್‌ನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳೆಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್. ನಮ್ಮೂರಲ್ಲಿ ಮಳೆಗಾಲ ಮುಗಿಯುತ್ತಾ ಬಂದಾಗ ಅಲ್ಲಿ ಮೋಡ ಕಟ್ಟಿರುತ್ತದೆ. ಅಕ್ಟೋಬರ್‌ನಲ್ಲಿ ನಾವು ಮನೆಮಂದಿ ಆರು ಜನ ಹೋದಾಗಲೂ ಹಾಗೆಯೇ ಆಯಿತು.

ಬೆಳಗ್ಗೆ ಎಂಟಕ್ಕೆ ಹಡಗು ಸ್ವೆಟೆನ್‌ಹ್ಯಾಮ್ ಪಿಯರ್‌ಗೆ ಬಂದು ನಿಂತಿತು. ಈ ಬಂದರಿನ ಒಂದು ಅನುಕೂಲವೆಂದರೆ ದೋಣಿ ಹತ್ತಿ ದಡಕ್ಕೆ ಹೋಗಬೇಕಾಗಿಲ್ಲ. ಹಡಗಿನಿಂದ ಇಳಿದು ಗೇಟು ದಾಟಿದರೆ ಜಾರ್ಜ್ ಟೌನ್ ಪೇಟೆ. ನಮ್ಮ ಯೋಜನೆ ಇದ್ದದ್ದು ಪೆನಾಂಗ್ ಹಿಲ್‌ಗೆ. 833 ಮೀಟರ್ ಎತ್ತರದ ಬೆಟ್ಟ, ಹಳಿಯ ಮೇಲೆ ಹಗ್ಗದಿಂದ ಎಳೆಯುವ ರೈಲು, ಮೇಲಿನಿಂದ ಇಡೀ ದ್ವೀಪದ ನೋಟ. ಆದರೆ ಡೆಕ್ಕಿನಿಂದ ನೋಡಿದರೆ ಬೆಟ್ಟವೇ ಕಾಣಲಿಲ್ಲ. ಮಳೆ ಧೋ ಎಂದು ಸುರಿಯುತ್ತಿತ್ತು.

ಮನೆಯವರಲ್ಲಿ ಎರಡು ಪಕ್ಷವಾಯಿತು. ‘ಊಟ, ತಿಂಡಿ, ಆಟ ಎಲ್ಲ ಹಡಗಿನಲ್ಲೇ ಉಂಟಲ್ಲ, ಸುಮ್ಮನೆ ಇಲ್ಲೇ ಇರುವ’ ಅಂತ ಕೆಲವರು. ಅದರಲ್ಲೂ ಅರ್ಥ ಇತ್ತು. ಉಮ್ಮನಿಗೆ 68 ವರ್ಷ, ಮೊಣಕಾಲು ನೋವು. ಒದ್ದೆ ನೆಲದಲ್ಲಿ ಜಾರಿದರೆ ಪರದೇಶದಲ್ಲಿ ಯಾರನ್ನು ಕೇಳುವುದು? ಆದರೆ ಉಮ್ರಾ ಬಿಟ್ಟರೆ ಉಮ್ಮ ವಿದೇಶಕ್ಕೆ ಬಂದದ್ದು ಇದೇ ಮೊದಲು. ಕಾಲಿನ ಸ್ಥಿತಿ ನೋಡಿದರೆ ಇನ್ನೊಮ್ಮೆ ಬರುವುದು ಕಷ್ಟವೇ. ಕೊನೆಗೆ ತೀರ್ಮಾನ ಮಾಡಿದ್ದು ಅವರೇ. ‘ಮಳೆ ಎಂತ ನಮಗೆ ಹೊಸತಾ? ಇಷ್ಟು ದೂರ ಬಂದು ಕಿಟಕಿಯಲ್ಲಿ ನೋಡಿ ಹೋಗುದಾ?’

ಬೆಟ್ಟ ಬಿಟ್ಟು ಪೇಟೆಗೆ ನಡೆದೆವು. ಜಾರ್ಜ್ ಟೌನ್ 2008ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ಹಳೆಯ ಅಂಗಡಿಮನೆಗಳಿಗೆ ಕೆಳಗೆ ವ್ಯಾಪಾರ, ಮೇಲೆ ವಾಸ. ಮುಂಭಾಗದಲ್ಲಿ ಸಾಲಾಗಿ ಮಾಡು ಇರುವ ಜಗಲಿ. ಇದಕ್ಕೆ ಮಲಯ ಭಾಷೆಯಲ್ಲಿ ‘ಕಾಕಿ ಲಿಮಾ’ ಎನ್ನುತ್ತಾರೆ, ಅಂದರೆ ಐದು ಅಡಿ. ಬಿಸಿಲು, ಮಳೆ ತಾಗದೆ ಜನ ನಡೆಯಲೆಂದೇ ಮಾಡಿದ್ದು. ಹೊಳೆಯಂತೆ ನೀರು ಹರಿಯುವ ರಸ್ತೆಯ ಪಕ್ಕದಲ್ಲೇ ನಾವು ಹೆಚ್ಚೂಕಡಿಮೆ ಒಣಗಿಯೇ ನಡೆದೆವು. ಆದರೆ ಒಂದು ಅಂಗಡಿಯ ಜಗಲಿ ಎತ್ತರ, ಮುಂದಿನದು ತಗ್ಗು. ಕೆಲವು ಕಡೆ ಬೈಕು ಅಡ್ಡ, ಹೂಕುಂಡ ಅಡ್ಡ. ಅಲ್ಲೆಲ್ಲ ರಸ್ತೆಗಿಳಿದು ಕೊಡೆ ಬಿಚ್ಚಬೇಕು. ಸುಮಾರು ಒಂದು ಕಿಲೊಮೀಟರ್ ದಾರಿಗೆ ನಮಗೆ ಒಂದು ಗಂಟೆ ಹಿಡಿಯಿತು. ಮೊಮ್ಮಗಳು ಮುಂದೆ ಹೋಗಿ ‘ಇಲ್ಲಿ ಮೆಟ್ಟಿಲುಂಟು’ ಅಂತ ಹೇಳುವುದು, ಉಮ್ಮ ಹಿಂದೆ ಕಾಲಿಡುವುದು.

ಹೀಗೆ ಮುಟ್ಟಿದ್ದು ಕಪಿತಾನ್ ಕೆಲಿಂಗ್ ಮಸೀದಿಗೆ. ಈ ಹೆಸರಿನ ಹಿಂದೆ ಒಂದು ಕತೆ ಇದೆ. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಫ್ರಾನ್ಸಿಸ್ ಲೈಟ್ 1786ರಲ್ಲಿ ಪೆನಾಂಗನ್ನು ಬಂದರು ಮಾಡಿದ. ಅದರ ಹಿಂದೆಯೇ ತಮಿಳು ಕರಾವಳಿಯಿಂದ ಮುಸ್ಲಿಮ್ ವ್ಯಾಪಾರಿಗಳು, ಕೂಲಿಗಳು ಹಾಯಿ ಹಡಗಿನಲ್ಲಿ ಬಂದರು. ಅವರನ್ನು ಚೂಲಿಯಾಗಳು ಎಂದು ಕರೆಯುತ್ತಿದ್ದರು. ಆ ಸಮುದಾಯದ ಮುಖಂಡನಿಗೆ ಬ್ರಿಟಿಷರು ‘ಕಪಿತಾನ್’ ಎಂಬ ಹುದ್ದೆ ಕೊಟ್ಟಿದ್ದರು. ‘ಕೆಲಿಂಗ್’ ಎಂದರೆ ದಕ್ಷಿಣ ಭಾರತದಿಂದ ಹೋದವರಿಗೆ ಅಲ್ಲಿದ್ದ ಹಳೆಯ ಹೆಸರು. ಇವತ್ತು ಯಾರನ್ನಾದರೂ ಹಾಗೆ ಕರೆದರೆ ಅದು ಬೈಗುಳ, ಮಸೀದಿಯ ಹೆಸರಿನಲ್ಲಿ ಉಳಿದಿದೆ. 1801ರಲ್ಲಿ ಸಿಕ್ಕಿದ ಜಾಗದಲ್ಲಿ ಕಾದರ್ ಮೊಹಿದೀನ್ ಎಂಬ ಕಪಿತಾನ್ ಮುಂದೆ ನಿಂತು ಈ ಮಸೀದಿ ಕಟ್ಟಿಸಿದರು. ಇಂದು ಕಾಣುವ ಗುಮ್ಮಟಗಳ ರೂಪ 20ನೇ ಶತಮಾನದ ಆರಂಭದ ವಿಸ್ತರಣೆಯದ್ದು.

ಚೂಲಿಯಾಗಳಲ್ಲಿ ಹೆಚ್ಚಿನವರು ಅಲ್ಲಿ ನೆಲೆ ನಿಲ್ಲಲು ಹೋದವರಲ್ಲ. ವರ್ಷ ವರ್ಷ ಹಡಗಿನಲ್ಲಿ ಬಂದು, ದುಡಿದು, ನಾಲ್ಕು ಕಾಸು ಕೂಡಿಸಿ ಊರಿಗೆ ಮರಳುವುದು, ಅವರ ಜಾಗಕ್ಕೆ ಬೇರೆಯವರು ಬರುವುದು. ಲೈಟ್‌ನ ಕಾಲದ ಬರಹಗಳಲ್ಲೇ ಇದರ ಉಲ್ಲೇಖ ಇದೆ. ಓದಿದರೆ ನಮ್ಮ ಗಲ್ಫಿನ ಕತೆಯೇ ಅನ್ನಿಸುತ್ತದೆ, ಅಲ್ವಾ? ನಮ್ಮ ಬಾಪ 22 ವರ್ಷ ಬಹರೈನ್‌ನಲ್ಲಿ ದುಡಿದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರು ಇದ್ದ ರೂಮು, ನಡೆದ ಬೀದಿ ಯಾವುದನ್ನೂ ಉಮ್ಮ ನೋಡಿದವರಲ್ಲ. ಮಹಿಳೆಯರ ಜಾಗದಲ್ಲಿ ಲುಹರ್ ನಮಾಝ್ ಮುಗಿಸಿ ಬಂದು ಮಳೆ ನೋಡುತ್ತಾ ಕೂತವರು ಹೇಳಿದರು: ‘ಇದನ್ನು ಕಟ್ಟಿದವರ ಮನೆಯಲ್ಲೂ ಹೆಂಗಸರು ಕಾಗದ ಕಾಯ್ತಾ ಇದ್ದಿರಬೇಕು. ನಿಮ್ಮ ಬಾಪ ಬಹರೈನ್‌ನಲ್ಲಿ ಹೋಗ್ತಿದ್ದ ಪಳ್ಳಿ ಹೇಗಿತ್ತು ಅಂತ ನಾನು ಯಾವತ್ತೂ ಕೇಳಲಿಲ್ಲ.’ ನಮಗೂ ಗೊತ್ತಿರಲಿಲ್ಲ. ಬೆಟ್ಟಕ್ಕೆ ಹೋಗಿದ್ದರೆ ಈ ಮಾತು ಬರುತ್ತಿರಲಿಲ್ಲ.

ಅದೇ ರಸ್ತೆಯಲ್ಲಿ ಸೇಂಟ್ ಜಾರ್ಜ್ ಚರ್ಚ್ ಇದೆ, ಚೀನೀಯರ ಕುವಾನ್ ಯಿನ್ ದೇವಸ್ಥಾನ ಇದೆ. ಹತ್ತಿರದಲ್ಲೇ ಮಹಾಮಾರಿಯಮ್ಮನ ಗುಡಿ. ಮಳೆಗೆ ಎಲ್ಲರೂ ಒಂದೇ ಜಗಲಿಯಲ್ಲಿ ನಿಲ್ಲುತ್ತಾರೆ.

ಮಧ್ಯಾಹ್ನ ನಾಸಿ ಕಂದಾರ್ ಊಟ. ತಮಿಳು ಮುಸ್ಲಿಮರು ಹಿಂದೆ ಹೆಗಲ ಮೇಲಿನ ಕೋಲಿನ ಎರಡೂ ತುದಿಗೆ ಪಾತ್ರೆ ತೂಗಿಸಿ ಅನ್ನ, ಸಾರು ಮಾರುತ್ತಿದ್ದರು. ಆ ಕೋಲಿನ ಹೆಸರೇ ಊಟಕ್ಕೆ ಬಂತು. ಅನ್ನದ ಮೇಲೆ ಮೂರು ನಾಲ್ಕು ಬಗೆಯ ಸಾರು ಒಟ್ಟಿಗೆ ಸುರಿಯುತ್ತಾರೆ. ‘ಮೀನಿನ ಸಾರಿಗೆ ಕೋಳಿ ಸಾರು ಬೆರೆಸುದಾ!’ ಅಂತ ಉಮ್ಮ ಮುಖ ಮಾಡಿದರೂ ತಟ್ಟೆ ಖಾಲಿಯಾಯಿತು. ರೋಟಿ ಚನಾಯ್ ನಮ್ಮ ಪೊರೋಟದ ತಮ್ಮ. ಎತ್ತರದಿಂದ ಸುರಿದು ನೊರೆ ಬರಿಸುವ ‘ತೆಹ್ ತಾರಿಕ್’ ಚಾ ನಮ್ಮ ಹೋಟೆಲುಗಳ ಹಾಗೆಯೇ.

ಎರಡೂವರೆಗೆ ಮಳೆ ಮತ್ತೆ ಜೋರಾಯಿತು. ನಾಲ್ಕು ಗಂಟೆಯೊಳಗೆ ಹಡಗಿನಲ್ಲಿರಬೇಕು. ಮೊಬೈಲ್‌ನಲ್ಲಿ ಟ್ಯಾಕ್ಸಿ ಕರೆದರೆ ‘ಕಾಯಿರಿ’ ಎಂದೇ ಬರುತ್ತಿತ್ತು. ಉಮ್ಮನ ಕೈಗಡಿಯಾರದಲ್ಲಿ ಊರಿನ ಸಮಯ, ಇನ್ನೂ ಮಧ್ಯಾಹ್ನ ಹನ್ನೆರಡು! ಅಂಗಡಿಯವರೊಬ್ಬರು ಜಾರ್ಜ್ ಟೌನ್ ಸುತ್ತುವ ಉಚಿತ ಬಸ್ಸಿನ ಬಗ್ಗೆ ಹೇಳಿದರು. ಅದರಲ್ಲಿ ಜೆಟ್ಟಿ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ನಿಧಾನಕ್ಕೆ ನಡೆದು ಹಡಗು ಹತ್ತುವಾಗ ಇನ್ನೂ 35 ನಿಮಿಷ ಬಾಕಿ ಇತ್ತು.

ಹೋಗುವವರಿಗೆ ನಾಲ್ಕು ಮಾತು. ಹಡಗಿನವರೇ ನಡೆಸುವ ಟೂರ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಸುತ್ತಲು ಹೋದವರಿಗೆ ಕಾಯುವುದಿಲ್ಲ, ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮದೇ ಖರ್ಚಿನಲ್ಲಿ ಹೋಗಬೇಕು. ಮಲೇಶ್ಯದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ, ಹಡಗಿನ ಗಡಿಯಾರ ನೋಡಿಯೇ ಕೈಗಡಿಯಾರ ಸರಿಮಾಡಿ. ಪಾಸ್‌ಪೋರ್ಟಿನ ಪ್ರತಿ, ವಯಸ್ಸಾದವರ ಮದ್ದು ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿರಲಿ. ಜಾರದ ಚಪ್ಪಲಿ ಬೇಕೇ ಬೇಕು.

ಮಳೆ ಬಂದರೆ ದೂರದ ಬೆಟ್ಟ ಬಿಟ್ಟುಬಿಡಿ, ಬಂದರಿನ ಹಳೇ ಪೇಟೆಯಲ್ಲಿ ನಡೆಯಿರಿ. ಮನೆಯ ಹಿರಿಯರನ್ನು ಹಡಗಿನ ಕೋಣೆಯಲ್ಲಿ ಬಿಟ್ಟು ಹೋಗುವ ಮೊದಲು ಅವರನ್ನೇ ಒಮ್ಮೆ ಕೇಳಿ. ಅವರ ನಡಿಗೆಗೆ ಹೊಂದಿಕೊಂಡು ಹೋದರೆ ನಾಲ್ಕು ಜಾಗ ಕಡಿಮೆ ಆದೀತು. ಗಲ್ಫಿಗೆ ಹೋದವರನ್ನು ಕಾದು ಕೂತ ನಮ್ಮ ಉಮ್ಮಂದಿರಿಗೆ ಆ ಒಂದು ಜಾಗವಾದರೂ ಸರಿಯಾಗಿ ನೋಡಲು ಸಿಗಲಿ.